ಬೋರ್ಡ್ ಸ್ವಿಚ್ ಆರಿಸುವ ಮುನ್ನ: ಕಂಪ್ಯೂಟರ್ ಆಫ್ ಆಗಿದೆಯೋ, ಮಲಗಿದೆಯೋ?

ರಾತ್ರಿ ಊಟವಾದ ಮೇಲೆ ಮನೆಯ ಹಿರಿಯರು ಬಾಗಿಲು, ಗ್ಯಾಸು, ನೀರಿನ ಮೋಟರು ಎಲ್ಲ ನೋಡಿಕೊಂಡು, ಕೊನೆಗೆ ಕಂಪ್ಯೂಟರ್ ಮೇಜಿನ ಪಕ್ಕದ ಬೋರ್ಡ್ ಸ್ವಿಚ್ಚನ್ನೂ ಆರಿಸಿ ಮಲಗುತ್ತಾರೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲದ ಕಡೆ ಇದು ಮನೆಮನೆಯ ರೂಢಿ. ರೂಢಿ ಒಳ್ಳೆಯದೇ. ಆದರೆ ಅದೇ ಸಂಜೆ ಮಗಳು ಕಾಲೇಜಿನ ಪ್ರಾಜೆಕ್ಟ್ ವರದಿಯನ್ನು ಅರ್ಧ ಟೈಪು ಮಾಡಿ, ಸೇವ್ ಮಾಡದೆ, ಸ್ಲೀಪ್ ಒತ್ತಿ ಎದ್ದು ಹೋಗಿರುತ್ತಾಳೆ. ಪರದೆ ಕಪ್ಪಾಗಿದೆ, ಸಿಪಿಯು ಡಬ್ಬಿಯೊಳಗಿನ ಫ್ಯಾನ್ ಸದ್ದು ನಿಂತಿದೆ. ನೋಡಿದವರಿಗೆ ಅದು ಆಫ್ ಆದ ಕಂಪ್ಯೂಟರೇ. ಸ್ವಿಚ್ ಆರಿತು, ಬರೆದದ್ದೂ ಹೋಯಿತು. ಬೆಳಿಗ್ಗೆ ಬೈಗುಳ ಬೀಳುವುದು ಮಾತ್ರ ಕಂಪ್ಯೂಟರಿಗೆ, ಇಲ್ಲವೇ ಕರೆಂಟಿಗೆ.

ಮನೆಯ ಕಂಪ್ಯೂಟರನ್ನು ದಿನವೂ ಶಟ್‌ಡೌನ್ ಮಾಡಬೇಕೋ, ಸ್ಲೀಪ್‌ನಲ್ಲಿ ಬಿಡಬೇಕೋ ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ಸಿಗುವ ಉತ್ತರ ಬಿಲ್ಲಿನ ಲೆಕ್ಕದ್ದು, ಇಲ್ಲವೇ ಯಂತ್ರದ ಆಯಸ್ಸಿನದ್ದು. ಕರೆಂಟ್ ಹೋಗದ ಊರಿಗೆ ಆ ಉತ್ತರ ಸಾಕು. ಈ ಸೀಮೆಯಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ಆ ಪ್ಲಗ್ಗಿಗೆ ರಾತ್ರಿಯಿಡೀ ಕರೆಂಟ್ ಇರುತ್ತದೆಯೇ? ಸ್ವಿಚ್ ಆರಿಸುವವರು ಯಾರು?

ಹಾಗೆಂದು ಈ ಸೀಮೆ ವಿದ್ಯುತ್ತಿಗೆ ಹೊಸದೇನಲ್ಲ. ಇದೇ ಮಂಡ್ಯ ಜಿಲ್ಲೆಯ ಶಿವನಸಮುದ್ರದಲ್ಲಿ ಉತ್ಪಾದನೆಯಾದ ವಿದ್ಯುತ್ 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಹರಿದಿತ್ತು. 1911ರಲ್ಲಿ ಕೆಲಸ ಶುರುವಾದ ಕನ್ನಂಬಾಡಿ ಕಟ್ಟೆಯ ಉದ್ದೇಶಗಳಲ್ಲಿ ಬೇಸಿಗೆಯಲ್ಲೂ ಆ ವಿದ್ಯುದಾಗಾರಕ್ಕೆ ನೀರು ತಪ್ಪದಂತೆ ನೋಡಿಕೊಳ್ಳುವುದೂ ಒಂದಾಗಿತ್ತು. ಇಷ್ಟು ಹಳೆಯ ನಂಟಿದ್ದರೂ ಮಳೆ-ಗಾಳಿಗೆ ತಂತಿ ಬಿದ್ದರೆ, ಟ್ರಾನ್ಸ್‌ಫಾರ್ಮರ್ ಕೆಟ್ಟರೆ, ದುರಸ್ತಿಗೆಂದು ಲೈನ್ ತೆಗೆದರೆ ಮನೆ ಕತ್ತಲೆಯೇ. ತೋಟದ ಮನೆಗಳ ಪಾಡು ಇನ್ನೂ ಬೇರೆ. ಪಂಪ್‌ಸೆಟ್ ಫೀಡರ್‌ನಲ್ಲಿ ತ್ರೀ ಫೇಸ್ ಸಿಗುವುದು ದಿನಕ್ಕೆ ಕೆಲವು ಗಂಟೆ. ಮಿಕ್ಕ ಹೊತ್ತು ಸಿಂಗಲ್ ಫೇಸ್. ಆ ಹೊತ್ತಿನಲ್ಲೂ ಅಕ್ಕಪಕ್ಕದವರು ಕೆಪಾಸಿಟರ್ ಹಾಕಿ ಮೋಟರ್ ಓಡಿಸಿದರೆ ವೋಲ್ಟೇಜ್ ಕುಸಿದು ಬಲ್ಬು ಮಂಕಾಗುತ್ತದೆ. ಇಂಥ ಲೈನಿಗೆ ಸಿಕ್ಕಿಸಿದ ಕಂಪ್ಯೂಟರನ್ನು ನಂಬಿಕೆಯ ಮೇಲೆ ಮಲಗಿಸಿ ಹೋಗಲಾಗದು.

ಮೂರು ಆಯ್ಕೆ, ಮೂರು ಬೇರೆ ಕೆಲಸ

ಸ್ಲೀಪ್ ಎಂದರೆ ಒಲೆಯನ್ನು ಆರಿಸದೆ ಸಿಮ್‌ನಲ್ಲಿ ಇಟ್ಟ ಹಾಗೆ. ಪ್ರೊಸೆಸರ್, ಡಿಸ್ಕ್, ಫ್ಯಾನ್ ಎಲ್ಲ ನಿಲ್ಲುತ್ತವೆ. ರ್‍ಯಾಮ್‌ಗೆ ಮಾತ್ರ ಸಣ್ಣಗೆ ಕರೆಂಟ್ ಹರಿಯುತ್ತಿರುತ್ತದೆ. ತೆರೆದಿಟ್ಟ ಕೆಲಸವೆಲ್ಲ ಆ ರ್‍ಯಾಮ್‌ನಲ್ಲೇ ಇರುವುದರಿಂದ ಮೌಸ್ ಅಲುಗಾಡಿಸಿದರೆ ಎರಡು ಮೂರು ಸೆಕೆಂಡಿಗೆ ಎಲ್ಲವೂ ಬಿಟ್ಟಲ್ಲಿಂದಲೇ ಸಿಗುತ್ತದೆ. ಕರೆಂಟ್ ಹೋದರೆ ರ್‍ಯಾಮ್ ಖಾಲಿ.

ಹೈಬರ್ನೇಟ್‌ನಲ್ಲಿ ರ್‍ಯಾಮ್‌ನಲ್ಲಿ ಇದ್ದದ್ದೆಲ್ಲ ಡಿಸ್ಕಿಗೆ ಬರೆದಾಗುತ್ತದೆ, ಆಮೇಲೆ ಯಂತ್ರ ಪೂರ್ತಿ ಆರುತ್ತದೆ. ಪ್ಲಗ್ ಕಿತ್ತರೂ, ಎರಡು ದಿನ ಕರೆಂಟ್ ಇಲ್ಲದಿದ್ದರೂ ಕೆಲಸ ಉಳಿದಿರುತ್ತದೆ. ಮತ್ತೆ ಹೊತ್ತಿಸಿದಾಗ ಸ್ಲೀಪ್‌ಗಿಂತ ತುಸು ನಿಧಾನ, ಅಷ್ಟೇ. ಈ ಆಯ್ಕೆ ಎಷ್ಟೋ ಕಂಪ್ಯೂಟರ್‌ಗಳ ಪವರ್ ಮೆನುವಿನಲ್ಲಿ ಕಾಣುವುದೇ ಇಲ್ಲ. ವಿಂಡೋಸ್ ಅದನ್ನು ಮರೆಮಾಡಿ ಇಟ್ಟಿರುತ್ತದೆ. ನಮ್ಮ ಕಡೆಗೆ ಎಲ್ಲಕ್ಕಿಂತ ಹೆಚ್ಚು ಬೇಕಾದದ್ದೇ ಮೆನುವಿನಲ್ಲಿ ಇಲ್ಲದಿರುವುದು ಬೇಸರದ ಸಂಗತಿ.

ಶಟ್‌ಡೌನ್ ಎಲ್ಲರಿಗೂ ಗೊತ್ತು. ಅದರಲ್ಲೂ ಒಂದು ಗುಟ್ಟಿದೆ, ಅದು ಮುಂದೆ ಬರುತ್ತದೆ.

ಹಣದ ಲೆಕ್ಕ ಬೇಗ ಮುಗಿಸಬಹುದು. ಸುಮ್ಮನೆ ಆನ್ ಆಗಿರುವ ಸಾಮಾನ್ಯ ಡೆಸ್ಕ್‌ಟಾಪ್, ಮಾನಿಟರ್ ಸೇರಿ ಸುಮಾರು 80 ವ್ಯಾಟ್ ತಿನ್ನುತ್ತದೆ ಎಂದಿಟ್ಟುಕೊಂಡರೆ ದಿನಕ್ಕೆ 16 ಗಂಟೆಯಂತೆ ತಿಂಗಳಿಗೆ 38 ಯೂನಿಟ್ ದಾಟುತ್ತದೆ. ಅದೇ ಯಂತ್ರ ಸ್ಲೀಪ್‌ನಲ್ಲಿ 3 ವ್ಯಾಟ್ ತಿಂದರೆ ತಿಂಗಳಿಗೆ ಒಂದೂವರೆ ಯೂನಿಟ್ ಕೂಡ ಆಗದು. ಸ್ಲೀಪ್ ಮತ್ತು ಶಟ್‌ಡೌನ್ ನಡುವೆ ಬಿಲ್ಲಿನ ವ್ಯತ್ಯಾಸ ಇಲ್ಲವೆನ್ನುವಷ್ಟು ಕಡಿಮೆ. ದುಡ್ಡು ಹೋಗುವುದು ಎರಡನ್ನೂ ಮಾಡದೆ, ಬರೀ ಮಾನಿಟರ್ ಗುಂಡಿ ಒತ್ತಿ ಪರದೆ ಕಪ್ಪು ಮಾಡಿ ಹೋಗುವವರ ಮನೆಯಲ್ಲಿ. 2023ರಲ್ಲಿ ಬಂದ ಗೃಹಜ್ಯೋತಿ ಯೋಜನೆಯಲ್ಲಿ ಉಚಿತ ಯೂನಿಟ್ ನಿಗದಿಯಾಗಿರುವುದು ಆಯಾ ಮನೆಯ ಹಿಂದಿನ ಸರಾಸರಿ ಬಳಕೆಯ ಮೇಲೆ. ಅದನ್ನು ಮೀರಿದ ಯೂನಿಟ್‌ಗೆ ಹಣ ಕಟ್ಟಬೇಕು. ತಿಂಗಳಿಗೆ 200 ದಾಟಿದರೆ ಪೂರ್ತಿ ಬಿಲ್ಲೇ ತಲೆಗೆ. ಅಂಥಲ್ಲಿ 38 ಯೂನಿಟ್ ಸಣ್ಣದಲ್ಲ.

ಪದೇ ಪದೇ ಆನ್-ಆಫ್ ಮಾಡಿದರೆ ಡಿಸ್ಕ್ ಸವೆಯುತ್ತದೆ ಎಂಬ ಭಯವನ್ನೂ ಬಿಡಬಹುದು. ಸಾಮಾನ್ಯ ಡೆಸ್ಕ್‌ಟಾಪ್ ಹಾರ್ಡ್ ಡಿಸ್ಕ್‌ಗಳನ್ನು ಸುಮಾರು 50,000 ಸಲ ನಿಂತು ಓಡುವಂತೆ ರೂಪಿಸಿರುತ್ತಾರೆ. ದಿನಕ್ಕೆ ಐದು ಸಲ ಆರಿಸಿ ಹೊತ್ತಿಸಿದರೂ 27 ವರ್ಷ ಬೇಕು. ಎಸ್‌ಎಸ್‌ಡಿ ಇದ್ದರೆ ಹೈಬರ್ನೇಟ್ ಬರಹದಿಂದ ಅದು ಬೇಗ ಸಾಯುತ್ತದೆ ಎನ್ನುವವರಿದ್ದಾರೆ. ದಿನಕ್ಕೆ 3 ಜಿಬಿ ಬರೆದರೂ ವರ್ಷಕ್ಕೆ ಒಂದು ಟಿಬಿ ಚಿಲ್ಲರೆ. ಮನೆಬಳಕೆಯ 256 ಜಿಬಿ ಎಸ್‌ಎಸ್‌ಡಿಗಳು ತಾಳುವುದು ಅದರ ಹತ್ತಾರು ಪಟ್ಟು. ಈ ಚರ್ಚೆಗೆ ಇಷ್ಟೇ ಜಾಗ ಸಾಕು.

ತಪ್ಪು ನಡೆಯುವುದು ಬೋರ್ಡ್ ಹತ್ತಿರ

ಕಪ್ಪು ಪರದೆಗೆ ಮೂರು ಅರ್ಥ ಇರಬಹುದು: ಮಾನಿಟರ್ ಮಾತ್ರ ಆರಿದೆ, ಕಂಪ್ಯೂಟರ್ ಸ್ಲೀಪ್‌ನಲ್ಲಿದೆ, ಅಥವಾ ನಿಜವಾಗಿ ಆಫ್ ಆಗಿದೆ. ಹೊರಗಿನಿಂದ ನೋಡಿದರೆ ಮೂರೂ ಒಂದೇ. ಗುರುತು ಹಿಡಿಯಲು ನೋಡಬೇಕಾದದ್ದು ಪರದೆಯನ್ನಲ್ಲ, ಸಿಪಿಯು ಡಬ್ಬಿಯ ಮುಂದಿನ ಪವರ್ ದೀಪವನ್ನು. ಬಹುಪಾಲು ಡೆಸ್ಕ್‌ಟಾಪ್‌ಗಳಲ್ಲಿ ಸ್ಲೀಪ್ ಇದ್ದಾಗ ಈ ದೀಪ ನಿಧಾನವಾಗಿ ಮಿನುಗುತ್ತದೆ, ಇಲ್ಲವೇ ಬಣ್ಣ ಬದಲಿಸುತ್ತದೆ. ಹೈಬರ್ನೇಟ್ ಅಥವಾ ಶಟ್‌ಡೌನ್ ಆಗಿದ್ದರೆ ದೀಪ ಪೂರ್ತಿ ಆರಿರುತ್ತದೆ. ಕಂಪ್ಯೂಟರ್ ಬಳಸುವವರಿಗೆ ಇದು ಗೊತ್ತಿದ್ದರೆ ಸಾಲದು, ಸ್ವಿಚ್ ಆರಿಸುವವರಿಗೆ ಗೊತ್ತಿರಬೇಕು. ‘ದೀಪ ಮಿನುಗ್ತಿದ್ರೆ ಸ್ವಿಚ್ ಮುಟ್ಬೇಡಿ’ ಎಂದು ಅಜ್ಜಿಗೆ, ತಂದೆಗೆ, ಮನೆಗೆಲಸಕ್ಕೆ ಬರುವವರಿಗೆ ಒಮ್ಮೆ ತೋರಿಸಿ ಹೇಳಬೇಕು. ಸ್ವಿಚ್ಚಿನ ಮೇಲೆ ಕನ್ನಡದಲ್ಲಿ ಬರೆದು ಚೀಟಿ ಅಂಟಿಸಿದರೂ ಆದೀತು.

ಎಕ್ಸ್‌ಟೆನ್ಷನ್ ಬಾಕ್ಸಿನ ತೊಂದರೆಯೂ ಇದೇ ಜಾತಿಯದು. ಒಂದೇ ಬಾಕ್ಸಿಗೆ ಕಂಪ್ಯೂಟರ್, ಮೊಬೈಲ್ ಚಾರ್ಜರ್, ಟೇಬಲ್ ಫ್ಯಾನ್ ಎಲ್ಲವೂ ಸಿಕ್ಕಿಕೊಂಡಿರುತ್ತವೆ. ಫ್ಯಾನ್ ಆರಿಸಲು ಹೋದವರು ಗೋಡೆಯ ಸ್ವಿಚ್ಚನ್ನೇ ತಟ್ಟುತ್ತಾರೆ. ಕಂಪ್ಯೂಟರಿಗೆ ಬೇರೆಯೇ ಸಾಕೆಟ್ ಕೊಡುವುದು ಇನ್ನೂರು ಮುನ್ನೂರು ರೂಪಾಯಿಯ ಸ್ಪೈಕ್ ಬಸ್ಟರ್‌ಗಿಂತ ಹೆಚ್ಚು ಉಪಯೋಗದ ಕೆಲಸ.

ಹೀಗೆ ಏಕಾಏಕಿ ಸ್ವಿಚ್ ಆರಿದರೆ ಹೋಗುವುದೇನು? ಸೇವ್ ಆದ ಫೈಲ್‌ಗಳು ಬಹುತೇಕ ಉಳಿಯುತ್ತವೆ. ಇಂದಿನ ವಿಂಡೋಸ್ ಅಷ್ಟು ಎಚ್ಚರ ವಹಿಸಿರುತ್ತದೆ. ಹೋಗುವುದು ಸೇವ್ ಮಾಡದ ಬರಹ, ಅರ್ಧ ತುಂಬಿದ ಅರ್ಜಿ, ತೆರೆದಿದ್ದ ಲೆಕ್ಕದ ಹಾಳೆ. ಹಳ್ಳಿಯ ಹಾಲಿನ ಸಂಘದ ಲೆಕ್ಕವನ್ನು ಮನೆಗೆ ತಂದು ಮಾಡುವವರಿಗೆ, ನುಡಿ ತಂತ್ರಾಂಶದಲ್ಲಿ ಆಮಂತ್ರಣ ಪತ್ರಿಕೆ ಟೈಪಿಸುವವರಿಗೆ ಇದು ಒಂದು ಸಂಜೆಯ ಕೂಲಿ. ಇದಕ್ಕಿಂತ ಕೆಟ್ಟದ್ದು ಅಪ್‌ಡೇಟ್ ನಡುವೆ ಸ್ವಿಚ್ ಆರುವುದು. ‘ಅಪ್‌ಡೇಟ್ ಆ್ಯಂಡ್ ಶಟ್‌ಡೌನ್’ ಒತ್ತಿದ ಮೇಲೆ ಕಂಪ್ಯೂಟರ್ ಕೂಡಲೇ ಆರುವುದಿಲ್ಲ. ಹಳೆಯ ಹಾರ್ಡ್ ಡಿಸ್ಕ್ ಇದ್ದರೆ ಇಪ್ಪತ್ತು ನಿಮಿಷವೂ ಹಿಡಿಯಬಹುದು. ಮಕ್ಕಳು ಒತ್ತಿ ಎದ್ದು ಹೋಗುತ್ತಾರೆ, ಹಿಂದಿನಿಂದ ಬಂದವರು ಬೋರ್ಡ್ ಆರಿಸುತ್ತಾರೆ. ಮರುದಿನ ವಿಂಡೋಸ್ ತೆರೆಯದಿದ್ದರೆ ಸಿಪಿಯು ಡಬ್ಬಿಯನ್ನು ಬೈಕಿನ ಮೇಲೆ ಹೊತ್ತು ಮೈಸೂರಿನ ಅಂಗಡಿಗೆ ಓಡಬೇಕು. ದೀಪ ಆರಿದ ಮೇಲೆಯೇ ಬೋರ್ಡ್ ಆರಿಸಬೇಕು ಎಂಬ ಒಂದು ನಿಯಮ ಈ ಎರಡು ಅನಾಹುತಗಳನ್ನೂ ತಪ್ಪಿಸುತ್ತದೆ.

ಮಾಡಬೇಕಾದ ಬದಲಾವಣೆ

ವಿಂಡೋಸ್ 10 ಮತ್ತು 11 ಎರಡರಲ್ಲೂ ದಾರಿ ಒಂದೇ. ಸ್ಟಾರ್ಟ್ ಒತ್ತಿ ‘ಕಂಟ್ರೋಲ್ ಪ್ಯಾನೆಲ್’ ಎಂದು ಹುಡುಕಿ ತೆರೆದು, ಅದರಲ್ಲಿ ‘ಪವರ್ ಆಪ್ಷನ್ಸ್’ಗೆ ಹೋಗಬೇಕು. ಎಡಗಡೆ ‘ಚೂಸ್ ವಾಟ್ ದ ಪವರ್ ಬಟನ್ಸ್ ಡು’ ಎಂಬ ಸಾಲು ಇರುತ್ತದೆ. ಒತ್ತಿದರೆ ಬರುವ ಪುಟದ ಕೆಳಭಾಗದ ಆಯ್ಕೆಗಳು ಮಂಕಾಗಿ, ಒತ್ತಲಾಗದಂತೆ ಕಾಣುತ್ತವೆ. ಬಹಳ ಮಂದಿ ಇಲ್ಲಿಂದಲೇ ವಾಪಸ್ ಬರುತ್ತಾರೆ. ಮೇಲಿರುವ ‘ಚೇಂಜ್ ಸೆಟ್ಟಿಂಗ್ಸ್ ದಟ್ ಆರ್ ಕರೆಂಟ್ಲಿ ಅನ್‌ಅವೈಲಬಲ್’ ಎಂಬ ನೀಲಿ ಸಾಲನ್ನು ಒತ್ತಿದರೆ ಅವೆಲ್ಲ ತೆರೆದುಕೊಳ್ಳುತ್ತವೆ. ಅಲ್ಲಿ ‘ಹೈಬರ್ನೇಟ್’ ಎದುರಿನ ಚೌಕದಲ್ಲಿ ಗುರುತು ಹಾಕಿ ‘ಸೇವ್ ಚೇಂಜಸ್’ ಒತ್ತಬೇಕು. ಇನ್ನು ಮೇಲೆ ಪವರ್ ಮೆನುವಿನಲ್ಲಿ ಹೈಬರ್ನೇಟ್ ಕಾಣುತ್ತದೆ.

ಇದೇ ಪುಟದಲ್ಲಿ ಮೇಲೆ, ಸಿಪಿಯು ಡಬ್ಬಿಯ ಪವರ್ ಗುಂಡಿ ಒತ್ತಿದರೆ ಏನಾಗಬೇಕು ಎಂದೂ ಕೇಳಿರುತ್ತದೆ. ಅದಕ್ಕೂ ಹೈಬರ್ನೇಟ್ ಕೊಡುವುದು ಒಳ್ಳೆಯದು. ಮೆನು ಹುಡುಕಲು ಬಾರದ ಹಿರಿಯರೂ ಗುಂಡಿಯನ್ನು ಒಮ್ಮೆ ಒತ್ತಿ ಬಿಟ್ಟು, ದೀಪ ಆರುವವರೆಗೆ ಕಾದು, ಆಮೇಲೆ ಬೋರ್ಡ್ ಆರಿಸಬಹುದು. ಒತ್ತಿ ಹಿಡಿದುಕೊಳ್ಳಬಾರದು. ಹಾಗೆ ಕೆಲವು ಸೆಕೆಂಡ್ ಹಿಡಿದರೆ ಬಲವಂತದ ಆಫ್ ಆಗುತ್ತದೆ, ಅದಕ್ಕೂ ಬೋರ್ಡ್ ಆರಿಸುವುದಕ್ಕೂ ವ್ಯತ್ಯಾಸವಿಲ್ಲ.

ಹಗಲಿನಲ್ಲಿ ಸ್ಲೀಪ್ ಬಳಸಲೇಬೇಕು ಎನ್ನುವವರಿಗೆ ಡೆಸ್ಕ್‌ಟಾಪ್‌ನಲ್ಲಿ ಹೈಬ್ರಿಡ್ ಸ್ಲೀಪ್ ಎಂಬ ಮಧ್ಯದ ದಾರಿ ಇದೆ. ಇದರಲ್ಲಿ ಯಂತ್ರ ಮಲಗುವ ಮುನ್ನ ಒಂದು ಪ್ರತಿಯನ್ನು ಡಿಸ್ಕಿಗೂ ಬರೆದಿಡುತ್ತದೆ. ಕರೆಂಟ್ ಇದ್ದರೆ ಬೇಗ ಏಳುತ್ತದೆ, ಹೋದರೆ ಡಿಸ್ಕಿನಿಂದ ಕೆಲಸ ಹಿಂತಿರುಗುತ್ತದೆ. ಪವರ್ ಆಪ್ಷನ್ಸ್‌ನಲ್ಲಿ ‘ಚೇಂಜ್ ಪ್ಲಾನ್ ಸೆಟ್ಟಿಂಗ್ಸ್’, ಅಲ್ಲಿಂದ ‘ಚೇಂಜ್ ಅಡ್ವಾನ್ಸ್‌ಡ್ ಪವರ್ ಸೆಟ್ಟಿಂಗ್ಸ್’, ಅದರೊಳಗೆ ‘ಸ್ಲೀಪ್’, ಅದರ ಕೆಳಗೆ ‘ಅಲೋ ಹೈಬ್ರಿಡ್ ಸ್ಲೀಪ್’ ಇರುತ್ತದೆ. ಅದನ್ನು ‘ಆನ್’ ಮಾಡಬೇಕು. ಆ ಸಾಲು ಕಾಣದಿದ್ದರೆ ಆ ಯಂತ್ರದಲ್ಲಿ ಅದು ದೊರೆಯದು ಎಂದುಕೊಂಡು ಹೈಬರ್ನೇಟ್‌ಗೇ ಮರಳಬೇಕು.

ಈಗ ಶಟ್‌ಡೌನ್ ಗುಟ್ಟು. 2012ರ ವಿಂಡೋಸ್ 8ರಿಂದೀಚೆಗೆ ‘ಫಾಸ್ಟ್ ಸ್ಟಾರ್ಟಪ್’ ಎಂಬ ಏರ್ಪಾಡು ಬಂತು. ಕಂಪ್ಯೂಟರ್ ಬೇಗ ಹೊತ್ತಿಕೊಳ್ಳಲೆಂದು, ಶಟ್‌ಡೌನ್ ಒತ್ತಿದಾಗ ವಿಂಡೋಸ್ ತನ್ನ ಒಳಭಾಗವನ್ನು ಮುಚ್ಚದೆ ಡಿಸ್ಕಿಗೆ ಬರೆದಿಟ್ಟು, ಮರುದಿನ ಅದನ್ನೇ ಎತ್ತಿಕೊಳ್ಳುತ್ತದೆ. ಹೀಗಾಗಿ ದಿನವೂ ತಪ್ಪದೆ ಶಟ್‌ಡೌನ್ ಮಾಡುವವರ ಕಂಪ್ಯೂಟರ್ ಕೂಡ ವಾರಗಟ್ಟಲೆ ಹೊಸದಾಗಿ ಶುರುವಾಗಿರುವುದೇ ಇಲ್ಲ. ನಂಬಿಕೆ ಬಾರದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರು ಕೀಲಿ ಒಟ್ಟಿಗೆ ಒತ್ತಿ, ಟಾಸ್ಕ್ ಮ್ಯಾನೇಜರ್‌ನ ‘ಪರ್ಫಾರ್ಮೆನ್ಸ್’ ಪುಟದಲ್ಲಿ ಸಿಪಿಯು ಕೆಳಗಿನ ‘ಅಪ್ ಟೈಮ್’ ನೋಡಬಹುದು. ಪ್ರಿಂಟರ್ ಸಿಗುತ್ತಿಲ್ಲ, ಶಬ್ದ ಬರುತ್ತಿಲ್ಲ, ಕಂಪ್ಯೂಟರ್ ಎಳೆಯುತ್ತಿದೆ ಎಂಬ ದೂರುಗಳಲ್ಲಿ ಎಷ್ಟೋ ಒಂದು ರೀಸ್ಟಾರ್ಟ್‌ಗೆ ಸರಿಹೋಗುತ್ತವೆ. ಏಕೆಂದರೆ ರೀಸ್ಟಾರ್ಟ್ ಮಾತ್ರ ಎಲ್ಲವನ್ನೂ ಮುಚ್ಚಿ ಹೊಸದಾಗಿ ತೆರೆಯುತ್ತದೆ. ಪೂರ್ತಿ ಆಫ್ ಬೇಕಾದರೆ ಶಿಫ್ಟ್ ಕೀಲಿ ಹಿಡಿದು ಶಟ್‌ಡೌನ್ ಒತ್ತಬೇಕು.

ಆದ್ದರಿಂದ ದಿನವೂ ಹೈಬರ್ನೇಟ್, ವಾರಕ್ಕೊಮ್ಮೆ ರೀಸ್ಟಾರ್ಟ್ ಎಂದು ಇಟ್ಟುಕೊಂಡರೆ ಮನೆಯ ಡೆಸ್ಕ್‌ಟಾಪ್‌ಗೆ ಸಾಕು. ರೀಸ್ಟಾರ್ಟ್‌ಗೆ ಗುರುವಾರ ಒಳ್ಳೆಯ ದಿನ. ವಿಂಡೋಸ್‌ನ ಮುಖ್ಯ ಭದ್ರತಾ ಅಪ್‌ಡೇಟ್‌ಗಳು ತಿಂಗಳ ಎರಡನೇ ಮಂಗಳವಾರ ಅಮೆರಿಕದಲ್ಲಿ ಬಿಡುಗಡೆಯಾಗುತ್ತವೆ, ನಮ್ಮಲ್ಲಿಗೆ ತಲುಪುವ ಹೊತ್ತಿಗೆ ಬುಧವಾರ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಆ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರ ಮಾಡುವವರು ಬೇರೆ ವ್ಯವಸ್ಥೆ ನೋಡಿಕೊಳ್ಳುವುದು ಕ್ಷೇಮ.

ಇನ್ವರ್ಟರ್ ಇದ್ದರೆ ಚಿಂತೆಯಿಲ್ಲವೇ?

ಇನ್ವರ್ಟರ್ ಇದ್ದರೂ ಕರೆಂಟ್ ಹೋದ ಕ್ಷಣ ಕಂಪ್ಯೂಟರ್ ಆರಿ ಹೊತ್ತಿಕೊಳ್ಳುವುದು ಅನೇಕ ಮನೆಗಳ ಅನುಭವ. ಕಂಪ್ಯೂಟರಿನ ಒಳಗಿನ ಪವರ್ ಸಪ್ಲೈ (ಎಸ್‌ಎಂಪಿಎಸ್) ಕರೆಂಟ್ ಇಲ್ಲದೆ ತಾಳುವುದು ಸೆಕೆಂಡಿನ ನೂರರಲ್ಲಿ ಒಂದೆರಡು ಭಾಗ ಮಾತ್ರ. ಮನೆಯ ಇನ್ವರ್ಟರ್ ಸಾಮಾನ್ಯ ಮೋಡ್‌ನಲ್ಲಿ ಬ್ಯಾಟರಿಗೆ ಬದಲಾಗಲು ಅದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಳ್ಳಬಹುದು. ಹಲವು ಇನ್ವರ್ಟರ್‌ಗಳಲ್ಲಿ ‘ಇಕೋ’ ಮತ್ತು ‘ಯುಪಿಎಸ್’ ಎಂಬ ಸಣ್ಣ ಸ್ವಿಚ್ ಇರುತ್ತದೆ. ಅಳವಡಿಸಿದವರು ಅದರ ವಿಷಯ ಹೇಳಿರುವುದೇ ಕಡಿಮೆ. ‘ಯುಪಿಎಸ್’ಗೆ ತಿರುಗಿಸಿದರೆ ಬದಲಾವಣೆ ಬೇಗ ಆಗುತ್ತದೆ, ಕಂಪ್ಯೂಟರ್ ಆರುವುದಿಲ್ಲ.

ಅದರಲ್ಲೂ ಒಂದು ತೊಡಕಿದೆ. ಯುಪಿಎಸ್ ಮೋಡ್ ಕಡಿಮೆ ವೋಲ್ಟೇಜ್ ಸಹಿಸದು. ಸುಮಾರು 180ಕ್ಕಿಂತ ಇಳಿದರೆ ಬ್ಯಾಟರಿಗೆ ಹೋಗಿಬಿಡುತ್ತದೆ. ಸಂಜೆ ಹೊತ್ತು ವೋಲ್ಟೇಜ್ ಕುಸಿಯುವ ತೋಟದ ಮನೆಯಲ್ಲಿ ಹೀಗಾದರೆ ರಾತ್ರಿ ಫ್ಯಾನಿಗೆ ಬ್ಯಾಟರಿ ಉಳಿಯುವುದಿಲ್ಲ. ಅಂಥ ಮನೆಗಳಿಗೆ ಕಂಪ್ಯೂಟರಿಗೆಂದೇ 600 ವಿಎ ಸಣ್ಣ ಯುಪಿಎಸ್ ಇಡುವುದು ಸರಿ. ಅದು ಕೊಡುವುದು ಹತ್ತು ಹದಿನೈದು ನಿಮಿಷ. ಆ ಹೊತ್ತು ಕೆಲಸ ಮುಂದುವರಿಸಲಿಕ್ಕಲ್ಲ, ಸೇವ್ ಮಾಡಿ ಹೈಬರ್ನೇಟ್ ಒತ್ತಲಿಕ್ಕೆ. ಬೀಪ್ ಸದ್ದು ಕೇಳಿದ ಮೇಲೂ ಆಟ ಮುಂದುವರಿಸುವ ಮಕ್ಕಳಿಗೆ ಇದನ್ನು ಗಟ್ಟಿಯಾಗಿ ಹೇಳಬೇಕು.

ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ದುರಸ್ತಿ ಕೆಲಸವಿದ್ದಾಗ ಯಾವ ಊರಿಗೆ ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ ವಿದ್ಯುತ್ ಇರುವುದಿಲ್ಲ ಎಂಬ ಪ್ರಕಟಣೆ ಪತ್ರಿಕೆಗಳ ಸ್ಥಳೀಯ ಪುಟದಲ್ಲಿ ಬರುತ್ತದೆ. ಊರಿನ ಹೆಸರಿದ್ದರೆ ಹಿಂದಿನ ರಾತ್ರಿ ಸ್ಲೀಪ್ ಬೇಡವೇ ಬೇಡ.

ಸಿಡಿಲಿನ ವಿಷಯ ಬೇರೆ. ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯಲ್ಲಿ ಶಟ್‌ಡೌನ್ ಆಗಲಿ ಬೋರ್ಡ್ ಸ್ವಿಚ್ ಆಗಲಿ ಕಾಪಾಡದು. ಸ್ವಿಚ್ಚಿನೊಳಗಿನ ಸಣ್ಣ ಸಂದನ್ನು ಸಿಡಿಲಿನ ವೋಲ್ಟೇಜ್ ಸುಲಭವಾಗಿ ಹಾರುತ್ತದೆ. ಮೋಡ ಕಟ್ಟಿದಾಗಲೇ ಪ್ಲಗ್ ಕಿತ್ತಿಡಬೇಕು, ರೂಟರ್‌ನಿಂದ ಬರುವ ನೆಟ್‌ವರ್ಕ್ ಕೇಬಲ್ಲನ್ನೂ ಕಳಚಬೇಕು. ಫೈಬರ್ ಎಳೆ ಕರೆಂಟ್ ಒಯ್ಯದು, ನಿಜ. ಆದರೆ ರೂಟರಿನ ಅಡಾಪ್ಟರ್ ಮೂಲಕ ಬಂದದ್ದು ಆ ಕೇಬಲ್ಲಿನಲ್ಲಿ ಕಂಪ್ಯೂಟರಿಗೂ ಇಳಿಯುತ್ತದೆ. ಗುಡುಗು ಶುರುವಾದ ಮೇಲೆ ಪ್ಲಗ್ ಕೀಳಲು ಹೋಗುವುದು ಅಪಾಯ.

ಉಳಿದದ್ದು ಚುಟುಕಾಗಿ. ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇರುವುದರಿಂದ ಮನೆಯೊಳಗೆ ಸ್ಲೀಪ್ ಸರಿಯೇ. ಆದರೆ ಹೊಸ ಲ್ಯಾಪ್‌ಟಾಪ್‌ಗಳು ಸ್ಲೀಪ್‌ನಲ್ಲೂ ಆಗಾಗ ಎದ್ದು ಇಂಟರ್ನೆಟ್ ನೋಡುತ್ತವೆ; ಮುಚ್ಚಳ ಮುಚ್ಚಿ ಚೀಲಕ್ಕೆ ಹಾಕಿ ನಾಗಮಂಗಲದಿಂದ ಮೈಸೂರಿನ ಬಸ್ ಹತ್ತಿದರೆ ಇಳಿಯುವಾಗ ಯಂತ್ರ ಬಿಸಿಯಾಗಿ, ಬ್ಯಾಟರಿ ಅರ್ಧ ಕರಗಿರಬಹುದು. ಮೇಲೆ ಹೇಳಿದ ಪುಟದಲ್ಲೇ ‘ವೆನ್ ಐ ಕ್ಲೋಸ್ ದ ಲಿಡ್’ ಎಂಬಲ್ಲಿ ಬ್ಯಾಟರಿಯ ಸಾಲಿಗೆ ಹೈಬರ್ನೇಟ್ ಕೊಡಬೇಕು. ಮಧ್ಯರಾತ್ರಿ ತಾನಾಗಿ ಎಚ್ಚರಗೊಳ್ಳುವ ಡೆಸ್ಕ್‌ಟಾಪ್‌ಗೆ ಅಡ್ವಾನ್ಸ್‌ಡ್ ಪವರ್ ಸೆಟ್ಟಿಂಗ್ಸ್‌ನ ‘ಅಲೋ ವೇಕ್ ಟೈಮರ್ಸ್’ ಆಫ್ ಮಾಡಬೇಕು. ದಿನವೂ ಬೋರ್ಡ್ ಆರಿಸುವ ಮನೆಗಳಲ್ಲಿ ಮದರ್‌ಬೋರ್ಡ್ ಮೇಲಿನ ಸಿಆರ್2032 ನಾಣ್ಯದ ಸೆಲ್ ಬೇಗ ಮುಗಿಯುತ್ತದೆ, ಗಡಿಯಾರ ಹಿಂದಿನ ಯಾವುದೋ ವರ್ಷಕ್ಕೆ ಹೋಗುತ್ತದೆ, ಬ್ಯಾಂಕಿನ ಜಾಲತಾಣ ತೆರೆಯದೆ ಎಚ್ಚರಿಕೆ ತೋರಿಸುತ್ತದೆ. ವೈರಸ್ ಎಂದು ಹೆದರಿ ಫಾರ್ಮ್ಯಾಟ್ ಮಾಡಿಸುವ ಮುನ್ನ ಪರದೆಯ ಮೂಲೆಯ ದಿನಾಂಕ ನೋಡಬೇಕು. ತಪ್ಪಿದ್ದರೆ ಹೊಸ ಸೆಲ್ ಹಾಕಿಸಿದರೆ ಸಾಕು. ಹತ್ತಾರು ರೂಪಾಯಿಯ ಕೆಲಸ, ಗಡಿಯಾರ ರಿಪೇರಿ ಅಂಗಡಿಯಲ್ಲೂ ಸೆಲ್ ಸಿಗುತ್ತದೆ.